ಡ್ರೈವರ್ ಹಿಂದಿನ ಸೀಟು

ಅವಳಿಗೆ ಗಿಣಿ ಅಂತ ಹೆಸರಿಟ್ಟಿದ್ದು ಅಪ್ಪನೇ. ಮಾತು ಕಲಿತ ದಿನದಿಂದ ಬಾಯಿಗೆ ಬಿಡುವು ಕೊಟ್ಟವಳಲ್ಲ. ಅಪ್ಪ ಸಿಟಿ ಬಸ್ಸಿನ ಡ್ರೈವರು. ಶಾಲೆಗೆ ರಜೆ ಬಂತೆಂದರೆ ಅವನ ಬೆನ್ನ ಹಿಂದಿನ ಸೀಟು ಇವಳದೇ. ಗೆಳತಿಯರ ಜಗಳ, ಟೀಚರ ಹೊಸ ಕನ್ನಡಕ, ಬಿದ್ದ ಹಲ್ಲು, ಒಂದಾ ಎರಡಾ! ಅಪ್ಪ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ, ಕಣ್ಣು ರಸ್ತೆಯ ಮೇಲೆ. ಕೇಳಿಸುತ್ತಲೇ ಇಲ್ಲವೇನೋ ಅಂತ ಇವಳಿಗೆ ಕೋಪ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಅಮ್ಮನಿಗೆ ಒಪ್ಪಿಸುವನು, ಅವಳ ಹಾಗೇ ಕೈ ಆಡಿಸಿಕೊಂಡು.

ಇಂಥ ಅಪ್ಪ ಮಾತು ಬಿಟ್ಟದ್ದು ಅವಳು ಮಿಷನರಿ ಆಗುತ್ತೇನೆ ಅಂದ ದಿನ. ಚರ್ಚಿಗೆ ಹೋಗುವವರು ತಾಯಿ ಮಗಳು ಮಾತ್ರ, ಅಪ್ಪನಿಗೆ ಭಾನುವಾರವೂ ಬಸ್ಸೇ. ಕಡಲಾಚೆ ಸ್ಪ್ಯಾನಿಷ್ ಆಡುವ ನಾಡಿನಲ್ಲಿ ಸೇವೆ, ಅದಕ್ಕೆ ಮೊದಲು ತರಬೇತಿ ಮನೆಯಲ್ಲಿದ್ದು ಆ ಭಾಷೆ ಕಲಿಯುವುದು ಅಂತ ಅವಳು ವಿವರಿಸಿದಳು. ಅಪ್ಪ ಬೀದಿಗೆ ಕೇಳುವ ಹಾಗೆ ಕೂಗಾಡಿದ. "ದೇವರಿಗೆ ಅಷ್ಟು ಬೇಕಾಗಿದ್ರೆ ಅವನೇ ಸ್ಪ್ಯಾನಿಷ್ ಮಾತಾಡ್ಲಿ! ನನ್ನ ಮಗಳೇ ಆಗ್ಬೇಕಾ? ಹೋದ್ರೆ ನನ್ನ ಹತ್ರ ಮಾತು ಬೇಡ." ಅವಳು ಹೋದಳು. ಅವನು ಹಟಮಾರಿಯಾದರೆ ಇವಳೂ ಅವನ ಮಗಳೇ ಅಲ್ಲವೇ!

ತರಬೇತಿ ಮನೆ ಅಂದರೆ ಉದ್ದನೆಯ ಕಟ್ಟಡ, ಸುಣ್ಣದ ವಾಸನೆ, ಕೋಣೆಗೆ ಎರಡು ಕಬ್ಬಿಣದ ಮಂಚ. ಒಬ್ಬೊಬ್ಬರೇ ಎಲ್ಲಿಗೂ ಹೋಗುವಂತಿಲ್ಲ. ಗಿಣಿಗೆ ಸಿಕ್ಕ ಜೊತೆಗಾತಿ ಒಳ್ಳೆಯವಳೇ, ಆದರೆ ಕ್ರಿಯಾಪದ ಬಾಯಿಪಾಠ ಮಾಡುತ್ತಾ ಹಲ್ಲುಜ್ಜುವವಳು, ಕನ್ನಡಿ ತುಂಬ ನೊರೆ. ಗೋಡೆ, ಕಿಟಕಿ, ಬಕೆಟ್ಟು ಎಲ್ಲದರ ಮೇಲೂ ಸ್ಪ್ಯಾನಿಷ್ ಹೆಸರಿನ ಚೀಟಿ ಅಂಟಿಸಿದ್ದರು.

ತರಗತಿಯ ನಡುವೆ ಒಂದು ಬಾಗಿಲು. ಹಿಂದೆ ಮನೆಯಿಲ್ಲ, ಮುಂದೆ ಜಗಲಿಯಿಲ್ಲ. ಚೌಕಟ್ಟು, ಚಿಲಕ, ಬಾಗಿಲು, ಅಷ್ಟೇ. ಮುಂದೆ ಮನೆಮನೆಗೆ ಹೋಗಿ ದೇವರ ವಿಷಯ ಹೇಳಬೇಕಲ್ಲ, ಅದಕ್ಕೇ ಇದನ್ನು ತಟ್ಟಿ ಮಾತಾಡುವುದೇ ದಿನದ ಅಭ್ಯಾಸ. ಆಚೆಯಿಂದ ಟೀಚರು ತೆಗೆಯುತ್ತಿದ್ದರು, ಒಮ್ಮೆ ಸಿಡುಕು ಮುದುಕಿಯಾಗಿ, ಒಮ್ಮೆ ನಿದ್ದೆಗಣ್ಣಿನ ಕಾವಲುಗಾರನಾಗಿ. ಅವರು ಹೆಚ್ಚಾಗಿ ಹಾಕುತ್ತಿದ್ದ ವೇಷ ಮಾತ್ರ ಒಂಟಿ ಹೆಂಗಸಿನದು. "ನಾನೂ ಪ್ರಾರ್ಥನೆ ಮಾಡ್ತೀನಮ್ಮ. ಆ ಕಡೆಯಿಂದ ಒಂದು ಮಾತಿಲ್ಲ. ಕೇಳಿಸ್ಕೊಳ್ತಾನೆ ಅಂತ ಹೇಗೆ ನಂಬಲಿ?" ಅಂತ ಸ್ಪ್ಯಾನಿಷಿನಲ್ಲಿ ಕೇಳುವರು. ಉಳಿದವರೆಲ್ಲ ತಡವರಿಸುವರು. ಗಿಣಿ ಮಾತ್ರ ಪಟಪಟ ಅನ್ನುವಳು: "ಉತ್ತರ ಬರಲಿಲ್ಲ ಅಂದ್ರೆ ಕೇಳ್ತಿಲ್ಲ ಅಂತಲ್ಲ. ಅವನು ನಿಮ್ಮ ಒಂದೊಂದು ಮಾತನ್ನೂ ಕೇಳಿಸ್ಕೊಳ್ತಾನೆ." ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಟೀಚರು ವೇಷ ಮರೆತು ಬೆನ್ನು ತಟ್ಟುವರು.

ವಾರಕ್ಕೊಮ್ಮೆ, ಬಟ್ಟೆ ಒಗೆಯುವ ದಿನ, ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ಒಗೆಯುವ ಯಂತ್ರ ಗುರುಗುಟ್ಟುತ್ತಿರುವಾಗ ಗಿಣಿ ಬಾಯಿಗೆ ಬಂದದ್ದೆಲ್ಲ ಹೇಳುವಳು.

"ಅಮ್ಮಾ, ಈ ಭಾಷೇಲಿ ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ!"

"ಇಬ್ಬರಿಗೂ ಮದುವೆ ಮಾಡಿಸ್ಬಿಡು. ಸ್ವಲ್ಪ ಜೋರಾಗಿ ಹೇಳೇ, ಕೇಳಲ್ಲ."

ಅಮ್ಮನ ಹಿಂದೆ ಯಾರೋ ಗೊಳ್ಳನೆ ನಕ್ಕ ಹಾಗಾಯಿತು. "ಟಿವಿ ಕಣೇ" ಅಂದಳು ಅಮ್ಮ.

ಕೊನೆಗೆ ಒಂದೇ ಪ್ರಶ್ನೆ: "ಅಪ್ಪ?" ಅದಕ್ಕೆ ಅಮ್ಮನ ಹತ್ತಿರ ವಾರಕ್ಕೊಂದು ಉತ್ತರ. ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ, ಡಿಪೋದಲ್ಲಿದ್ದಾರೆ. ಗಿಣಿಗೆ ಗೊತ್ತಾಗುವುದಿಲ್ಲವೇ? ವಿಮಾನ ಹತ್ತುವ ಮುಂಚೆ ಅಪ್ಪ ಒಂದು ಮಾತಾಡಿದರೆ ಸಾಕು, ಬೈದರೂ ಸರಿ, ಅಂತ ಜೀವ ಬಡಿದುಕೊಳ್ಳುತ್ತಿತ್ತು. ಆಮೇಲೆ ಎರಡು ವರ್ಷ ಅವನ ಮುಖ ನೋಡುವ ಹಾಗಿರಲಿಲ್ಲ.

ಹೊರಡಲು ಹತ್ತು ದಿನವಿದ್ದಾಗ ಮತ್ತೆ ಫೋನು ಮಾಡಿದಳು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು, ಅದನ್ನು ಅಪ್ಪನಿಗೇ ಹೇಳಬೇಕೆಂದು ಬಾಯಿ ತುಂಬ ಇಟ್ಟುಕೊಂಡಿದ್ದಳು.

"ಈಗ ತಾನೇ ಆಚೆ ಹೋದ್ರು" ಅಂದಳು ಅಮ್ಮ.

ಗಿಣಿಗೆ ಸಿಟ್ಟು ನೆತ್ತಿಗೇರಿತು. "ಬಿಡಮ್ಮ, ಸಾಕು. ಇನ್ನು ನೀನೂ ಗೋಗರೀಬೇಡ, ನಾನೂ ಕೇಳಲ್ಲ. ಅಪ್ಪ ಮಾತಾಡದಿದ್ರೆ ನಂಗೇನು ಕಮ್ಮಿಯಾಗಲ್ಲ. ಅಭ್ಯಾಸ ಆಗಿದೆ. ಇದ್ರೂ ಒಂದೇ, ಇಲ್ದಿದ್ರೂ ಒಂದೇ!"

"ಏ, ಬಾಯ್ಮುಚ್ಚೇ!" ಅಂತ ಅಮ್ಮ ಚೀರಿದಳು. ಅಷ್ಟು ಸಿಟ್ಟಾಗುವಂಥದ್ದು ಏನಾಯಿತೋ ಗಿಣಿಗೆ ತಿಳಿಯಲಿಲ್ಲ. ಫೋನು ಕಟ್ಟಾಯಿತು. ಎದುರಿನ ಬೆಂಚಿನಲ್ಲಿ ಕಾಲುಚೀಲ ಮಡಿಸುತ್ತಿದ್ದ ಜೊತೆಗಾತಿ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿಕೊಂಡಳು.

ಆ ವಾರ ಮುಗಿಯುವ ಮುಂಚೆಯೇ ಮೇಲ್ವಿಚಾರಕರು ಅವಳನ್ನು ಕಚೇರಿಗೆ ಕರೆಸಿದರು. ಕುರ್ಚಿ ಎಳೆದು ಕೂರಿಸಿದರು. ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಕೀಲಿ ತೆಗೆದು ಕೈಯಲ್ಲಿ ಹಿಡಿದಿದ್ದ ಅಪ್ಪ ಸೀಟಿನಿಂದ ಏಳಲೇ ಇಲ್ಲವಂತೆ. ಎದೆಬಡಿತ ನಿಂತಿತ್ತು. "ಈ ಸಲ ಒಬ್ಬಳೇ ಹೋಗಿ ಬಾಮ್ಮ. ನಿನಗೋಸ್ಕರ ಕಾಯ್ತಿದ್ದಾರೆ" ಅಂದು, ಫೋನು ಅವಳ ಕೈಗಿತ್ತು ಹೊರಗೆ ಹೋದರು.

ಅಮ್ಮನ ಗಂಟಲು ಅತ್ತು ಅತ್ತು ಒಡೆದಿತ್ತು.

"ಒಂದು ಮಾತೂ ಆಡ್ದೆ ಹೋಗ್ಬಿಟ್ರಲ್ಲಮ್ಮಾ" ಅಂದಳು ಗಿಣಿ.

ಅಮ್ಮ ಬಾಯಿ ಬಿಟ್ಟಳು. "ಇನ್ನು ಮುಚ್ಚಿಟ್ಟು ಏನು ಮಾಡ್ಲಿ? ಪ್ರತಿ ವಾರ ಕೂತಿರ್ತಿದ್ರು ಕಣೇ. ನಿನ್ನ ಫೋನು ಬರೋ ದಿನ ಗಡ್ಡ ಬೋಳಿಸ್ಕೊಂಡು, ಇಸ್ತ್ರಿ ಶರ್ಟು ಹಾಕ್ಕೊಂಡು, ಪಕ್ಕದಲ್ಲೇ ಸ್ಟೂಲ್ ಎಳ್ಕೊಂಡು. ಸ್ಪೀಕರಿಗೆ ಹಾಕು ಅಂತ ಸನ್ನೆ ಮಾಡೋರು. ಹೇಳಿದ್ರೆ ಕೊಂದ್ಹಾಕ್ತೀನಿ ಅಂತಿದ್ರು. ಮೇಜು ಹೆಣ್ಣು ಅಂದ್ಯಲ್ಲ, ಅದನ್ನ ಡಿಪೋದಲ್ಲೆಲ್ಲ ಹೇಳ್ಕೊಂಡು ಬಂದ್ರು."

ಗಿಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಆವತ್ತೂ?"

"ಆವತ್ತೂ."

"ಏನಂದ್ರು?"

"ಏನೂ ಅನ್ಲಿಲ್ಲ. ಎದ್ದು ಹೋಗಿ ಶರ್ಟು ಬಿಚ್ಚಿ ಗೂಟಕ್ಕೆ ಹಾಕಿದ್ರು. ಆಮೇಲೆ ಊಟದ ಹೊತ್ತಿಗೆ, 'ಮುಂದಿನ ವಾರ ನಾನೇ ಫೋನ್ ಎತ್ತುತ್ತೀನಿ. ಇಲ್ಲಾಂದ್ರೆ ಅವಳಿಗೆ ನಿಜವಾಗ್ಲೂ ಅಭ್ಯಾಸ ಆಗ್ಬಿಡುತ್ತೆ' ಅಂದ್ರು."

ಊರಿಗೆ ಸಂಜೆ ಬಸ್ಸು. ಪುಸ್ತಕ ತೆಗೆದುಕೊಳ್ಳಲು ತರಗತಿಗೆ ಹೋದರೆ ಟೀಚರು ಒಬ್ಬರೇ ಇದ್ದರು. ಆ ಬಾಗಿಲ ಪಕ್ಕ ಇವಳನ್ನು ಅಪ್ಪಿಕೊಂಡರು. ಮೊದಲ ಬಾರಿಗೆ ಸ್ಪ್ಯಾನಿಷ್ ಬಿಟ್ಟು ಅವಳ ಮನೆಮಾತಿನಲ್ಲೇ ಆಡಿದರು.

"ನೀನೇ ಹೇಳ್ತಿದ್ಯಲ್ಲಮ್ಮಾ. ಉತ್ತರ ಬರ್ಲಿಲ್ಲ ಅಂದ್ರೆ ಕೇಳಿಸ್ಕೊಳ್ಲಿಲ್ಲ ಅಂತಲ್ಲ."

"ಕೇಳಿಸ್ಕೊಂಡ್ರು ಟೀಚರ್!" ಗಿಣಿ ಬಿಕ್ಕಿ ಬಿಕ್ಕಿ ಅತ್ತಳು. "ಎಲ್ಲಾ ಕೇಳಿಸ್ಕೊಂಡ್ರು. ಒಂದಕ್ಷರ ಬಿಡದೆ ಕೇಳಿಸ್ಕೊಂಡ್ರು."

ಟೀಚರಿಗೆ ಏನೂ ಅರ್ಥವಾಗಲಿಲ್ಲ. ಸುಮ್ಮನೆ ಬೆನ್ನು ಸವರಿದರು.

ಬಸ್ಸು ಖಾಲಿಯಿತ್ತು, ಎಲ್ಲಿ ಬೇಕಾದರೂ ಕೂರಬಹುದಿತ್ತು. ಗಿಣಿ ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರು ಯಾರೋ ವಯಸ್ಸಾದವನು, ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡಿದ್ದ. ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, "ಎಲ್ಲಿಗಮ್ಮಾ?" ಅಂದ. ಅವಳು ಟಿಕೆಟ್ಟು ಎತ್ತಿ ತೋರಿಸಿದಳು. ಮನೆ ಬರುವವರೆಗೂ ಅವಳು ಬಾಯಿ ಬಿಡಲಿಲ್ಲ.