ವಾಟ್ನಿ ಅಪ್ಪಾಸಾಬನ ಬುಟ್ಟಿ

ಕರೋಶಿಯ ಅಪ್ಪಾಸಾಬ ಓಣಿಯಲ್ಲಿ ಕಾಲಿಟ್ಟನೆಂದರೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಇಣುಕುತ್ತಿದ್ದರು. ಇವತ್ತು ಯಾರ ಮನೆ ಒಡೆಯುತ್ತದೆ ಎಂದು ತಿಳಿದುಕೊಳ್ಳದೆ ಅವರಿಗೆ ಸಮಾಧಾನವಿರಲಿಲ್ಲ. ಪಾಪ, ಅವನು ಮನೆ ಒಡೆಯುವವನಲ್ಲ. ಒಡೆದ ಮನೆಯನ್ನು ಹಂಚಿಕೊಡುವವನು. ಅಣ್ಣತಮ್ಮಂದಿರು ಬೇರೆಯಾಗುವಾಗ ಆಸ್ತಿ ಹಂಚುವುದಕ್ಕೆ ಆ ಕಡೆ ವಾಟ್ನಿ ಅನ್ನುತ್ತಾರೆ. ಹತ್ತೂರಿನ ವಾಟ್ನಿ ಮಾಡಿ ಮಾಡಿ ಅವನ ಹೆಸರೇ ವಾಟ್ನಿ ಅಪ್ಪಾಸಾಬ ಎಂದಾಯಿತು.

ಹಾಗೆಂದು ಅವನೇನು ದೊಡ್ಡ ಕುಳವಲ್ಲ. ತಮ್ಮ ಭೀಮಸಿಯ ಜೊತೆ ಕೂಡಿ ನಾಲ್ಕೆಕರೆ ಹೊಲ, ಒಂದು ಬಾವಿ, ಒಂದಿಷ್ಟು ಕುರಿ. ಬಿಳಿ ಧೋತರ, ಕೆಂಪು ರುಮಾಲು, ಸದಾ ಬಾಯಲ್ಲಿ ಚೂರು ತಂಬಾಕು. ಸ್ವಭಾವ ಸ್ವಲ್ಪ ಜಂಬದ್ದು. ತನ್ನ ಮಾತಿಗೆ ನಾಲ್ಕು ಮಂದಿ ತಲೆಯಾಡಿಸಿದರೆ ಆ ದಿನ ಅವನಿಗೆ ಊಟ ಬೇಕಿರಲಿಲ್ಲ.

ಎಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆ ಕೂಡು ಮನೆಗಳು ಒಂದರ ಹಿಂದೆ ಒಂದು ಬೇರೆಯಾಗುತ್ತಿದ್ದವು. ಹೊಲಕ್ಕಾಗಿ ಯಾರೂ ಅಷ್ಟು ಜಗಳಾಡುತ್ತಿರಲಿಲ್ಲ. ಹೊಲಕ್ಕೆ ನಂಬರು ಇರುತ್ತದೆ, ಲೆಕ್ಕ ಬರೆದಿಡುವ ತಲಾಟಿ ಇರುತ್ತಾನೆ, ಬದು ಇರುತ್ತದೆ. ಜಗಳ ಹತ್ತುತ್ತಿದ್ದದ್ದು ಸಣ್ಣ ಪುಟ್ಟ ಸಾಮಾನಿಗೆ. ಬೋರಗಾಂವದಲ್ಲಿ ಇಬ್ಬರು ಅಣ್ಣತಮ್ಮಂದಿರು ವಿದ್ಯುತ್ ಮಗ್ಗಗಳನ್ನು ಬೀಡಿ ಹಂಚಿಕೊಂಡಷ್ಟು ಸಲೀಸಾಗಿ ಹಂಚಿಕೊಂಡು, ಒಂದು ತಾಮ್ರದ ಹಂಡೆಗಾಗಿ ಮಾತು ಬಿಟ್ಟು ಕೂತಿದ್ದರು. ಹಂಡೆ ಒಲೆಯ ಮೇಲೆ ಇರುತ್ತದೆ, ಹಾಗಾಗಿ ಒಲೆಯ ಸಾಮಾನಿನ ಜೊತೆ ಬರಬೇಕು ಎಂದು ಒಬ್ಬನ ಹೆಂಡತಿ. ಅದರಲ್ಲಿ ಅನ್ನ ಬೇಯಿಸುತ್ತೀರಾ ಎಂದು ಇನ್ನೊಬ್ಬಳು. ಅಪ್ಪಾಸಾಬ ಹೋದ. 'ಒಲೆ ಸಾಮಾನು' ಎಂಬ ಹೆಸರನ್ನೇ ತೆಗೆದುಹಾಕಿದ. ಒಂದು ಕಡೆ 'ಉಣ್ಣು ಸಾಮಾನು', ಇನ್ನೊಂದು ಕಡೆ 'ನೀರಿನ ಸಾಮಾನು' ಎಂದ. ಹಂಡೆ, ಕೊಡ, ಹಗ್ಗ, ಬಕೀಟು ಎಲ್ಲ ತಾವಾಗಿಯೇ ಎದ್ದು ಬಂದಂತೆ ಒಂದು ಕಡೆ ಸೇರಿದವು. ಜಗಳ ಅಲ್ಲಿಗೇ ಮುಗಿಯಿತು.

ಅವನ ಪದ್ಧತಿಯೇ ಅದು. ಮನೆಯಲ್ಲಿರುವ ಎಲ್ಲವನ್ನೂ ಅಂಗಳಕ್ಕೆ ತರಿಸುತ್ತಿದ್ದ. ಸೂಜಿಯನ್ನೂ ಒಳಗೆ ಬಿಡುವಂತಿಲ್ಲ. ಆಮೇಲೆ ಕೈ ಹಿಂದೆ ಕಟ್ಟಿ ಸುತ್ತು ಹಾಕುತ್ತ ಸಂಬಂಧಪಟ್ಟವನ್ನು ಗುಂಪು ಮಾಡಿಸುತ್ತಿದ್ದ. ಪ್ರತಿ ಗುಂಪಿಗೂ ಒಂದು ಹೆಸರು. ಹೆಸರೆಂದರೆ ಬುಟ್ಟಿ ಇದ್ದ ಹಾಗೆ, ಸೇರಬೇಕಾದದ್ದೆಲ್ಲ ಹಿಡಿಯಬೇಕು, ಸೋರಬಾರದು ಎನ್ನುತ್ತಿದ್ದ. ಎರಡೇ ಕಾಯ್ದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಎರಡನೆಯದು, ಹೆಸರಿಗೆ ಸೇರಿದ್ದು ಹೆಸರಿನ ಹಿಂದೆ ಹೋಗಬೇಕು. ಅಂಗಳಕ್ಕೆ ತರಲು ಮರೆತಿರಲಿ, ನಾಳೆ ಅಟ್ಟದ ಮೇಲೆ ಸಿಗಲಿ, ಅದೇ ಪಾಲಿನವನಿಗೆ ಸೇರಬೇಕು.

ಉಗಾರ ಬುದ್ರುಕದ ರಾವಸಾಹೇಬನ ಮನೆಯಲ್ಲಿ ಈ ಎರಡನೆಯ ಕಾಯ್ದೆ ಎಲ್ಲರಿಗೂ ತಿಳಿಯಿತು. ಕಬ್ಬಿನ ದೊಡ್ಡ ಮನೆ. ಬ್ಯಾಟರಿ, ಕಂಬಳಿ, ಕೋಲು, ಸಲಿಕೆ, ಮೊಣಕಾಲವರೆಗಿನ ರಬ್ಬರ್ ಬೂಟು ಬಾಗಿಲ ಹಿಂದೆ ಒಟ್ಟಿಗೆ ಬಿದ್ದಿದ್ದವು. ಕಂಬಳಿ ಹಾಸಿಗೆಯ ಜೊತೆ ಹೋಗಲಿ, ಸಲಿಕೆ ಹೊಲದ ಜೊತೆ ಹೋಗಲಿ ಎಂದು ಮನೆಯವರು ಎಳೆದಾಡುತ್ತಿದ್ದರು. ಅಪ್ಪಾಸಾಬ ಒಂದು ಸುತ್ತು ಹಾಕಿ, ಇವು 'ರಾತ್ರಿ ನೀರು ಹಾಯಿಸುವ ಸಾಮಾನು' ಎಂದ. ಕರೆಂಟು ಬರುವುದೇ ರಾತ್ರಿ, ನೀರು ಹಾಯಿಸುವುದೂ ರಾತ್ರಿ. ಎಲ್ಲರೂ ಒಪ್ಪಿದರು. ರಾವಸಾಹೇಬನ ತಮ್ಮ ಆ ಗುಂಪು ಆರಿಸಿಕೊಂಡ. ಆಗ ಅವರ ಮುದಿ ತಾಯಿ ಒಳಗಿನಿಂದ ರೇಡಿಯೋ ತಂದು ಅದರ ಮೇಲಿಟ್ಟಳು. ಗಂಡ ನೀರು ಹಾಯಿಸಲು ಹೋಗುವಾಗ ಅದನ್ನು ಬಗಲಲ್ಲಿಟ್ಟುಕೊಂಡೇ ಹೋಗುತ್ತಿದ್ದನಂತೆ. ರೇಡಿಯೋದ ಮೇಲೆ ಕಣ್ಣಿಟ್ಟಿದ್ದ ರಾವಸಾಹೇಬನ ಮುಖ ಹುಳ್ಳಗಾಯಿತು. ಅಪ್ಪಾಸಾಬ ಒಂದಿಷ್ಟೂ ಸಡಿಲ ಬಿಡಲಿಲ್ಲ.

ಅವನಿಗೆ ಒಂದು ಹೆಸರು ಕಂಡರೆ ಆಗುತ್ತಿರಲಿಲ್ಲ, 'ಉಳಿದದ್ದು'. ಅದು ಹೆಸರಲ್ಲ, ಸೋಮಾರಿತನ ಎನ್ನುತ್ತಿದ್ದ. ಒಂದು ಹೆಸರಿನ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ, ಅದು 'ಪಾಳಿಯವು'. ಬಾವಿಯನ್ನು ಕಡಿದು ಎರಡು ಮಾಡಲಾಗದು, ಎತ್ತಿನ ಚಕ್ಕಡಿಯನ್ನು ಸೀಳಲಾಗದು. ಅಂಥವನ್ನು ಪಾಳಿಯ ಮೇಲೆ ಬಳಸಬೇಕು, ಇಷ್ಟು ದಿನ ಅಣ್ಣ, ಇಷ್ಟು ದಿನ ತಮ್ಮ. ಈ ಬುಟ್ಟಿ ಒಂದಿದ್ದರೆ ಜಗತ್ತಿನ ಯಾವ ಮನೆಯನ್ನೂ ಹಂಚಬಲ್ಲೆ ಎಂದು ಅವನು ಎದೆ ಮುಂದೆ ಮಾಡಿ ಹೇಳುತ್ತಿದ್ದ.

ತೊಂಬತ್ತೊಂದರಲ್ಲಿ ಅವನ ಸ್ವಂತ ಮನೆಯ ಸರದಿ ಬಂತು. ದೊಡ್ಡ ಜಗಳವೇನೂ ಆಗಲಿಲ್ಲ. ಮಕ್ಕಳು ಬೆಳೆದರು, ಮನೆ ಸಾಲದಾಯಿತು, ಅವನ ಹೆಂಡತಿ ಸತ್ತೆವ್ವನೂ ಭೀಮಸಿಯ ಹೆಂಡತಿ ದ್ರೌಪದಿಯೂ ಒಂದೇ ಒಲೆಯ ಮುಂದೆ ಮೊಣಕೈ ತಾಗಿಸಿಕೊಂಡು ಬೇಸತ್ತರು. ವಾಟ್ನಿ ಮಾಡುವವರು ಯಾರು ಎಂದು ಕೇಳಿದರೆ, ಮನೆಯಲ್ಲೇ ವಾಟ್ನಿ ಅಪ್ಪಾಸಾಬ ಇರುವಾಗ ಹೊರಗಿನವರೇಕೆ ಎಂದು ಭೀಮಸಿಯೇ ಅಂದ. ಸಾಕ್ಷಿಗೆಂದು ಊರ ಹಿರಿಯ ಸಿದರಾಯನನ್ನು ಕರೆಸಿದರು.

ಆ ಮನೆಯಲ್ಲಿ ಇನ್ನೂ ಒಬ್ಬಳಿದ್ದಳು, ಅಣ್ಣತಮ್ಮ ಇಬ್ಬರಿಗೂ ಹಿರಿಯಳಾದ ಅಕ್ಕ ಸಕ್ಕುಬಾಯಿ. ರಾಯಬಾಗದ ಕಡೆ ಕೊಟ್ಟಿದ್ದರು. ಗಂಡ ಬೇಗ ಸತ್ತ. ತಿರುಗಿ ತವರಿಗೆ ಬಂದಾಗ ಅಪ್ಪಾಸಾಬ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ತಾಯಿ ತೀರಿಕೊಂಡ ಮೇಲೆ ತಮ್ಮಂದಿರನ್ನು ಸಾಕಿದವಳು ಅವಳು. ಅವರ ಮದುವೆ ಮಾಡಿಸಿ, ಅವರ ಮಕ್ಕಳಿಗೂ ಎಣ್ಣೆ ನೀರು ಹಾಕಿ ಬೆಳೆಸಿದಳು. ಅವಳ ಪಾಲೇನು ಎಂದು ಯಾರೂ ಕೇಳಲಿಲ್ಲ. ತವರಲ್ಲಿ ಇರುವ ಅಕ್ಕನಿಗೆ ಊಟ ಉಂಟು, ಪಾಲಿಲ್ಲ ಎಂಬುದು ಆ ಕಾಲದ ನಡಾವಳಿ. ಅಪ್ಪಾಸಾಬ ತಾನು ಮಾಡಿದ ಅಷ್ಟೂ ವಾಟ್ನಿಗಳಲ್ಲಿ ಅದನ್ನು ಮೀರಿದವನಲ್ಲ.

ಹೊಲದ ಮಾತು ಮೊದಲೇ ಮುಗಿದಿತ್ತು. ಭೀಮಸಿ ಮನೆ ಕಟ್ಟಬೇಕೆಂದು ರಸ್ತೆ ಬದಿಯ ಎರಡೆಕರೆ ಆರಿಸಿಕೊಂಡಿದ್ದ. ಬಾವಿ ಕಡೆಯದು ಅಪ್ಪಾಸಾಬನ ಪಾಲಿಗೆ ಬಂತು. ಅವನಿಗೂ ಬೇಕಾಗಿದ್ದದ್ದು ಅದೇ. ಬಾವಿಯ ಪಕ್ಕದ ಉದ್ದನೆಯ ಪಟ್ಟಿ ನೆಲ ಬೆಣ್ಣೆಯಂಥ ಮಣ್ಣು. ಸಕ್ಕುಬಾಯಿ ವರ್ಷಗಟ್ಟಲೆ ಅಲ್ಲಿ ಬದನೆ, ಮೆಂತೆ, ಹೀರೆ ಬೆಳೆದು ಗೊಬ್ಬರ ಹಾಕಿ ಹದ ಮಾಡಿದ್ದಳು. ಅಲ್ಲಿ ಬಾಳೆ ಹಚ್ಚಬೇಕೆಂದು ಅಪ್ಪಾಸಾಬ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದ.

ಆ ದಿನ ಅಂಗಳ ತುಂಬ ಸಾಮಾನು. ಉಣ್ಣು ಸಾಮಾನು, ನೀರಿನ ಸಾಮಾನು, ಬಿತ್ತುವ ಸಾಮಾನು, ಕುರಿ ಸಾಮಾನು ಎಂದು ಹೆಸರುಗಳು ಬಾಯಿಂದ ಬೀಳುತ್ತಿದ್ದವು, ಗುಂಪುಗಳು ಆಗುತ್ತಿದ್ದವು. ಸಿದರಾಯ ತಲೆಯಾಡಿಸುತ್ತಿದ್ದ. ಗೋಡೆಯ ಬದಿಗೆ ಮಾತ್ರ ಒಂದು ಗುಂಪು ಹೆಸರಿಲ್ಲದೆ ಬಿದ್ದಿತ್ತು. ಬೀಸುಕಲ್ಲು, ಕೌದಿಯ ಗಂಟು, ಕೋಳಿ ಮುಚ್ಚುವ ಬುಟ್ಟಿ, ಬೂದಿಯಲ್ಲಿ ಬೀಜ ಇಟ್ಟ ಗಡಿಗೆ, ಕೂಸುಗಳಿಗೆ ಹಚ್ಚುವ ಎಣ್ಣೆಯ ಬಾಟಲಿ, ತೊಟ್ಟಿಲ ಹಗ್ಗ, ಅದರ ಪಕ್ಕಕ್ಕೆ ಕಟ್ಟಿದ್ದ ಒಂದು ಕುಂಟ ಆಡು. ಅಪ್ಪಾಸಾಬ 'ಹೆಣ್ಣುಮಕ್ಕಳ ಸಾಮಾನು' ಅಂದು ನೋಡಿದ. ತಾನು ಅವನ್ನು ಮುಟ್ಟಿದವಳೇ ಅಲ್ಲ ಎಂದಳು ಸತ್ತೆವ್ವ, ತಾನೂ ಅಲ್ಲ ಎಂದಳು ದ್ರೌಪದಿ. 'ಹಳೆಯ ಸಾಮಾನು' ಎಂದರೆ ಬೀಜ ಈ ವರ್ಷದ್ದು. 'ಕೂಸಿನ ಸಾಮಾನು' ಎಂದರೆ ಆಡು ಹೊರಗೆ ಉಳಿಯುತ್ತದೆ. ಯಾವ ಬುಟ್ಟಿಗೆ ಹಾಕಿದರೂ ಒಂದಲ್ಲ ಒಂದು ಸೋರುತ್ತಿತ್ತು. ಕೊನೆಗೆ ಅವನ ನಾಲಿಗೆಯ ತುದಿಗೆ ಆ ಹಾಳು ಹೆಸರೇ ಬಂತು. ಕಷ್ಟಪಟ್ಟು ನುಂಗಿಕೊಂಡು, ಮೊದಲು ದೊಡ್ಡವು ಮುಗಿಯಲಿ ಎಂದು ಚಕ್ಕಡಿ, ತೆನೆ ಒಕ್ಕುವ ರೋಣಗಲ್ಲು ಇದ್ದ ಕಡೆ ತಿರುಗಿದ.

“ಬಾವಿ, ಚಕ್ಕಡಿ, ರೋಣಗಲ್ಲು, ಅಕ್ಕ. ಇವು ಪಾಳಿಯವು,” ಎಂದ. “ಅಕ್ಕ ಆರ ತಿಂಗಳ ನನ್ನ ಕಡೆ, ಆರ ತಿಂಗಳ ತಮ್ಮನ ಕಡೆ.”

ಸಿದರಾಯ ಇದಕ್ಕೂ ತಲೆಯಾಡಿಸಿದ. ಭೀಮಸಿ ಹೂಂ ಎಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಅಪ್ಪಾಸಾಬನಿಗಂತೂ ನ್ಯಾಯವಾಗಿಯೇ ಹಂಚಿದೆ ಅನ್ನಿಸಿತು.

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸಕ್ಕುಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಊಟಕ್ಕೆ ಕರೆಯಲು ಬಂದಳೆಂದು ಎಲ್ಲರೂ ಅಂದುಕೊಂಡರು. ಅವಳು ಯಾರನ್ನೂ ನೋಡದೆ ಅಂಗಳ ದಾಟಿ ಹೋಗಿ, ಚಕ್ಕಡಿಗೂ ರೋಣಗಲ್ಲಿಗೂ ನಡುವೆ ನಿಂತುಕೊಂಡಳು. ಒಂದು ಕೈ ಚಕ್ಕಡಿಯ ಗಾಲಿಯ ಮೇಲಿಟ್ಟಳು.

ಅಲ್ಲೇಕೆ ನಿಂತೆ ಎಂದು ಅಪ್ಪಾಸಾಬ ಕೇಳಿದ.

“ನನ್ನ ಗುಂಪಿಗೆ ಬಂದ್ನಿ,” ಎಂದಳು ಸಕ್ಕುಬಾಯಿ. “ಎಲ್ಲಾನೂ ಅಂಗಳಕ್ಕ ಬರಬೇಕು ಅಂತ ನಿನ್ನ ಕಾಯ್ದೆ ಐತೆಲ್ಲ. ನಾ ಒಳಗ ಉಳದಿದ್ನಿ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು ಅಂಟಿತ್ತು. ಗೋಡೆಯ ಬದಿಯ ಕುಂಟ ಆಡು ಅವಳನ್ನು ಕಂಡದ್ದೇ ಹಗ್ಗ ಜಗ್ಗಿ ಒದರತೊಡಗಿತು. ಅಪ್ಪಾಸಾಬನಿಗೆ ನಾಚಿಕೆಯಾಯಿತು. ಅಷ್ಟು ಮಂದಿಯ ಮುಂದೆ, ತನ್ನನ್ನು ಸಾಕಿದವಳನ್ನು ಬಾವಿ ಬಂಡಿಯ ಜೊತೆ ಕೂಗಿದ ಬಾಯಿ ತನ್ನದೇ ಎಂದು ತಿಳಿದು ಅವನ ಮೈ ಹಿಡಿಯಷ್ಟಾಯಿತು.

ಮುಖ ತಪ್ಪಿಸಲು ಗೋಡೆಯ ಬದಿಗೆ ನಡೆದ. ಕೋಳಿಬುಟ್ಟಿ ಎತ್ತಿ, ಇದು ಯಾರದು ಎಂದು ದ್ರೌಪದಿಯನ್ನು ಕೇಳಿದ. ಅಕ್ಕನ ಕೋಳಿಬುಟ್ಟಿ ಅಂದಳು. ಬೀಸುಕಲ್ಲು? ಅಕ್ಕನ ಬೀಸುಕಲ್ಲು. ಕೌದಿ ಅಕ್ಕ ಹೊಲಿದವು, ಬೀಜ ಅಕ್ಕ ಇಟ್ಟವು, ಆಡಂತೂ ಊರಿಗೇ ಅಕ್ಕನ ಆಡು. ಎಷ್ಟೋ ವರ್ಷಗಳಿಂದ ಎಲ್ಲರ ಬಾಯಲ್ಲೂ ಇದೇ ಇತ್ತು, ಅವನ ಬಾಯಲ್ಲೂ. ಮಂದಿಯ ಮನೆಯಲ್ಲಿ ಹೆಸರು ಹುಡುಕಿ ಹುಡುಕಿ ತೆಗೆದವನಿಗೆ ಮನೆಯಲ್ಲಿ ದಿನಾ ಆಡುವ ಮಾತು ಕಿವಿಗೆ ಬಿದ್ದಿರಲಿಲ್ಲ.

ಇವು 'ಅಕ್ಕನವು' ಎಂದು ಅವನು ಸಾರಿದ, ಇದು ಮೂರನೆಯ ಪಾಲು, ಅಕ್ಕ ಯಾವ ಪಾಳಿಗೂ ಸೇರುವುದಿಲ್ಲ. ಸಿದರಾಯ ಕೆಮ್ಮಿದ. ಇದು ನಡಾವಳಿಯಲ್ಲಿ ಇಲ್ಲ, ತವರಿಗೆ ಬಂದ ಹೆಣ್ಣುಮಗಳಿಗೆ ಬೇರೆ ಪಾಲು ಎಂದು ತಾನು ಎಲ್ಲೂ ಕೇಳಿಲ್ಲ ಎಂದ. ಗುಂಪಿಗೆ ಸರಿಯಾದ ಹೆಸರು ಸಿಕ್ಕಿದ ಮೇಲೆ ಅದು ಪಾಲೇ ಆಗಬೇಕು, ಹತ್ತೂರಲ್ಲಿ ಹಾಗೇ ಮಾಡಿದ್ದೇನೆ ಎಂದ ಅಪ್ಪಾಸಾಬ. ಭೀಮಸಿ ಅಕ್ಕನ ಮುಖ ನೋಡಿ, ಆಗಲಿ ಎಂದ. ಬೀಸುಕಲ್ಲು, ಕುಂಟ ಆಡು ಹೋದರೆ ಯಾರ ಗಂಟು ಹೋಗುತ್ತದೆ?

ಆಗ ಬಾಯಿ ತೆರೆದವಳು ದ್ರೌಪದಿ. “ಭಾವಾರ, ಹೆಸರಿಗೆ ಸೇರಿದ್ದು ಹೆಸರಿನ ಹಿಂದ ಹೋಗಬೇಕಲ್ರಿ,” ಎಂದಳು. “ಹಂಗಾರ ಅಕ್ಕನ ಪಟ್ಟಿ?”

ಬಾವಿ ಪಕ್ಕದ ನೆಲವನ್ನು ಊರವರೆಲ್ಲ ಅಕ್ಕನ ಪಟ್ಟಿ ಎಂದೇ ಕರೆಯುತ್ತಿದ್ದರು. ಕೂಸುಗಳಿಗೆ ನೀರು ಕಾಯಿಸಲು ಹಿತ್ತಿಲ ಪಡಸಾಲೆಯಲ್ಲಿ ಅವಳು ಹಾಕಿಕೊಂಡಿದ್ದ ಸಣ್ಣ ಒಲೆ ಅಕ್ಕನ ಒಲೆ. ದ್ರೌಪದಿಯ ಮಾತಿನಲ್ಲಿ ಅಕ್ಕನ ಮೇಲಿನ ಮಮತೆ ಎಷ್ಟು, ಭಾವನ ಪಾಲು ಕಡಿಮೆಯಾಗಲಿ ಎಂಬ ಆಸೆ ಎಷ್ಟು ಎಂದು ಅಳೆಯುವುದು ಕಷ್ಟ. ಎರಡೂ ಇದ್ದವು ಅನ್ನೋಣ. ಸತ್ತೆವ್ವ ಗಂಡನ ಕಡೆ ಕಣ್ಣು ಕೆಕ್ಕರಿಸಿ, ಬಾಯಿ ಬಿಟ್ಟೀಯಾ ಜೋಕೆ ಎಂಬಂತೆ ನೋಡಿದಳು. ಅಪ್ಪಾಸಾಬನಿಗೆ ಬಾಳೆಗಿಡಗಳು ಕಂಡವು. ಅವುಗಳ ಹಿಂದೆಯೇ ರೇಡಿಯೋ ಕಳೆದುಕೊಂಡ ರಾವಸಾಹೇಬನ ಮುಖವೂ ಕಂಡಿತು. ಅವತ್ತು ತಾನು ಒಂದಿಷ್ಟೂ ಸಡಿಲ ಬಿಟ್ಟಿರಲಿಲ್ಲ.

“ಸೇರಿದ್ದು ಹೋಗತೈತಿ,” ಎಂದ. “ಪಟ್ಟೀನೂ ಅಕ್ಕಂದ. ಹಿತ್ತಲ ಪಡಸಾಲಿ, ಒಲಿನೂ ಅಕ್ಕಂದ.”

ಹೇಳಿದ ಮೇಲೆ ಅವನ ಎದೆ ಹಗುರಾಗಲಿಲ್ಲ, ಸುಳ್ಳೇಕೆ ಹೇಳಬೇಕು. ಕೈಬಿಟ್ಟ ಪಟ್ಟಿಯಲ್ಲಿ ಎಷ್ಟು ಬಾಳೆ ಹಿಡಿಯುತ್ತಿದ್ದವು ಎಂದು ಮತ್ತೊಮ್ಮೆ ಲೆಕ್ಕ ಹಾಕಿದ. ಸತ್ತೆವ್ವ ಧಡ್ ಎಂದು ಎದ್ದು ಒಳಗೆ ಹೋದಳು, ಎಂಟು ದಿನ ಅವನ ಜೊತೆ ಮಾತಾಡಲಿಲ್ಲ.

ಸಕ್ಕುಬಾಯಿ ಗಾಲಿಯ ಮೇಲಿನ ಕೈ ತೆಗೆದು ಗೋಡೆಯ ಬದಿಗೆ ಬಂದು ಆಡಿನ ಹಗ್ಗ ಬಿಚ್ಚಿದಳು. ಆಮೇಲೆ ತಮ್ಮಂದಿರ ಕಡೆ ತಿರುಗಿದಳು. “ಪಾಳಿ ತಗೀಬ್ಯಾಡ್ರಿ, ಇರಲಿ,” ಎಂದಳು. “ನಾ ನಿಮ್ಮ ಮನಿಗೆ ಬರೂದಿಲ್ಲ. ಸಂಜೀ ಊಟಕ್ಕ ನೀವ ಬರ್ರಿ ನನ್ನ ಒಲಿಗೆ. ಒಂದ ದಿನ ಒಬ್ಬಾವ, ಒಂದ ದಿನ ಒಬ್ಬಾವ.”

ಆಮೇಲೂ ಅಪ್ಪಾಸಾಬ ವಾಟ್ನಿ ಮಾಡುವುದು ಬಿಡಲಿಲ್ಲ. ನಿಪ್ಪಾಣಿ, ಅಥಣಿ, ಕಾಗವಾಡದವರೆಗೂ ಅವನನ್ನು ಕರೆಯುತ್ತಿದ್ದರು. ಸಾಮಾನು ಅಂಗಳಕ್ಕೆ ತರಿಸುವ ಮೊದಲು ಮನೆಯ ಮಂದಿಯನ್ನೆಲ್ಲ ಹೊರಗೆ ಕರೆಸಿ ಕೂರಿಸುವುದು ಅವನ ಮೂರನೆಯ ಕಾಯ್ದೆಯಾಯಿತು. ಯಾರ ಹೆಸರು ಹಚ್ಚಿ ಏನೇನನ್ನು ಕರೆಯುತ್ತೀರಿ ಎಂದು ಕೇಳುತ್ತಿದ್ದ. ಕೆಲವು ಮನೆಯವರು ಇದೇನು ಕಿರಿಕಿರಿ ಎಂದು ಅವನನ್ನು ಕರೆಯುವುದನ್ನೇ ಬಿಟ್ಟರು.

ಅದೆಲ್ಲ ಆಮೇಲಿನ ಮಾತು. ಆ ದಿನ ಸಂಜೆ ಅವನಿಗೆ ಹೊಟ್ಟೆ ಹಸಿದಿತ್ತು. ಸತ್ತೆವ್ವ ಒಲೆ ಹಚ್ಚಿರಲಿಲ್ಲ. ಹಿತ್ತಿಲ ಪಡಸಾಲೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ಅವನು ಕಾಲು ತೊಳೆದುಕೊಂಡು ಅಲ್ಲಿಗೆ ಹೋದ. ಭೀಮಸಿ ಆಗಲೇ ತಾಟಿನ ಮುಂದೆ ಕೂತಿದ್ದ. ಸಕ್ಕುಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ತಲೆ ಎತ್ತಿದಳು.

“ನಿನ್ನ ಪಾಳಿ ನಾಳೆ,” ಎಂದಳು. “ಸಣ್ಣಾವಂದ ಮೊದಲ. ಅದೂ ನಿಂದ ಕಾಯ್ದೆ.”

ಅಪ್ಪಾಸಾಬ ಬಾಗಿಲಲ್ಲೇ ರುಮಾಲು ಸರಿಮಾಡಿಕೊಂಡು, ನಾಳೆ ಬರುತ್ತೇನೆ ಎಂದು ಹೇಳಿ ತಿರುಗಿ ಹೋದ.