ಬೆಣೆ ಹಿಡಿದ ಕೈ

೨೦೨೪ರ ಜನವರಿ ೨೦, ಶನಿವಾರ. ಆಲಂಕಾರಿನ ಅಬ್ದುಲ್ಲರ ಮನೆಯ ಹಿತ್ತಿಲಿನಲ್ಲಿ ಹುಣಸೆ ಮರದ ದಪ್ಪ ದಪ್ಪ ದಿಮ್ಮಿಗಳು ಬಿದ್ದಿದ್ದವು. ಹಿಂದಿನ ಮಳೆಗಾಲದ ಗಾಳಿಗೆ ಬುಡಸಮೇತ ಉರುಳಿದ ಮರವದು. ಯಂತ್ರದ ಗರಗಸದವನು ಬಂದು ಅಡ್ಡಕ್ಕೆ ತುಂಡರಿಸಿ ಕೊಟ್ಟಿದ್ದ. ಉದ್ದಕ್ಕೆ ಸೀಳುವುದು ಮಾತ್ರ ತನ್ನಿಂದಾಗದೆಂದು ಕೈಮುಗಿದು ಹೋಗಿದ್ದ. ಅಬ್ದುಲ್ಲರ ಮಗಳು ಝುಲೈಖಾಳ ಮದುವೆ ಅದೇ ತಿಂಗಳ ೨೮ರ ಭಾನುವಾರ ನಡೆಯುವುದಿತ್ತು. ಬಿರಿಯಾನಿಯ ದಮ್ಮಿಗೆ ಹುಣಸೆಯ ಕೆಂಡವೇ ಆಗಬೇಕೆಂಬುದು ಅವರ ಹಟ. ಹಾಗಾಗಿ ಕಾಣಿಯೂರಿನ ಚನಿಯಪ್ಪನಿಗೆ ಕರೆ ಹೋಗಿತ್ತು. ಅವನು ಹೆಂಡತಿ ಪೂವಮ್ಮನೊಂದಿಗೆ ಬೆಳಗಿನ ಬಸ್ಸಿಗೆ ಬಂದಿಳಿದಿದ್ದ.

ಬೆಣೆ ಆರಿಸುವಾಗ ಚನಿಯಪ್ಪನಿಗೆ ಅವಸರವೆಂಬುದು ಇರುತ್ತಿರಲಿಲ್ಲ. ಗೋಣಿಚೀಲ ಹಾಸಿ ತನ್ನ ಬೆಣೆಗಳನ್ನು ಅದರ ಮೇಲೆ ಇಟ್ಟ. ಮೊದಲ ಸೀಳು ಬಿಡಿಸಲು ತೆಳುವಾದ ಕಬ್ಬಿಣದ್ದು, ಬಿಟ್ಟ ಸೀಳನ್ನು ಅಗಲಿಸಲು ದಪ್ಪನೆಯದು, ಅಗಲಿಸಿದ್ದು ಮತ್ತೆ ಮುಚ್ಚಿಕೊಳ್ಳದಂತೆ ತುರುಕಲು ಕಿರಾಲ್ಬೋಗಿಯೆಂಬ ಗಟ್ಟಿ ಮರದವು ಎರಡು. ದಿಮ್ಮಿಯ ಮುಖದ ಮೇಲೆ ಬಿಸಿಲಿಗೆ ಬಿಟ್ಟ ಬಿರುಕುಗಳನ್ನು ಬೆರಳಿನಿಂದ ತಡವಿ, ಗಂಟು ಇಲ್ಲದ ಕಡೆಯನ್ನು ಗುರುತಿಸಿಕೊಂಡ. ಇಂಥ ಹೆಮ್ಮರದ ದಿಮ್ಮಿಯನ್ನು ನಡುವಿನಿಂದ ಸೀಳಹೊರಟರೆ ಬೆಣೆ ಹೂತುಹೋಗುತ್ತದೆಯೇ ಹೊರತು ಮರ ಬಾಯಿ ಬಿಡುವುದಿಲ್ಲ, ಅಂಚಿನಿಂದಲೇ ಆರಂಭಿಸಬೇಕು. ಇಷ್ಟೆಲ್ಲವೂ ಅವನಿಗೆ ಕರಗತವಾಗಿತ್ತು. ಕೈಬಿಟ್ಟು ಹೋಗಿದ್ದದ್ದು ಒಂದೇ, ಪೆಟ್ಟಿನ ಗುರಿ. ಅದನ್ನು ಅವನು ಯಾರೆದುರೂ ಒಪ್ಪಿಕೊಂಡಿರಲಿಲ್ಲ.

ಅದರ ಮೂಲ ೨೦೨೧ರ ನವೆಂಬರ್ ೧೭, ಬುಧವಾರದಲ್ಲಿತ್ತು. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದ ಕತ್ತಿಗೆ ಸಮನಾದ ಕತ್ತಿ ಇನ್ನೊಂದಿಲ್ಲವೆಂಬುದು ಆ ಸೀಮೆಯವರೆಲ್ಲರ ನಂಬಿಕೆ. ಅದು ಸುಳ್ಳೂ ಅಲ್ಲ. ಕತ್ತಿಗೆ ಒಳ್ಳೆಯದಾದದ್ದು ಬೆಣೆಗೇಕೆ ಆಗಬಾರದೆಂದು ಚನಿಯಪ್ಪ ಆಚಾರಿಯ ಕುಲುಮೆಗೆ ಪ್ಲೇಟಿನ ತುಂಡು ಹೊತ್ತುಕೊಂಡು ಹೋಗಿದ್ದ.

“ಬೆಣೆಗೆ ಇದು ಬೇಡ ಚನಿಯಪ್ಪಣ್ಣ. ಪೆಟ್ಟು ತಿನ್ನುವ ತಲೆ ಮೆತ್ತಗೆ ಇರ್ಬೇಕು” ಎಂದಿದ್ದ ಆಚಾರಿ.

“ಮೆತ್ತಗಿನದ್ದು ನಿಮ್ಮ ಮನೆಯ ಹಲ್ವಕ್ಕೆ ಇರ್ಲಿ ಮಾರಾಯ್ರೆ. ನನಗೆ ಗಟ್ಟಿಯದ್ದೇ ಮಾಡಿ ಕೊಡಿ.”

ಗಟ್ಟಿಯಾದ ಉಕ್ಕು, ಅದರ ಮೇಲೆ ಉಕ್ಕಿನದೇ ಸುತ್ತಿಗೆ. ನವೆಂಬರ್ ೧೭ರಂದು ಬೆಣೆಯ ತಲೆಯಿಂದ ಸಿಡಿದ ಚೂರೊಂದು ಅವನ ಎಡಗಣ್ಣಿಗೆ ಹೊಕ್ಕಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಚೂರನ್ನು ತೆಗೆದರು. ಬೆಳಕು ಕತ್ತಲೆಯ ವ್ಯತ್ಯಾಸವನ್ನು ಬಿಟ್ಟು ಆ ಕಣ್ಣಿಗೆ ಬೇರೇನೂ ಉಳಿಯಲಿಲ್ಲ. ಒಂದೇ ಕಣ್ಣಿಗೆ ಬೆಣೆಯ ತಲೆ ಎಷ್ಟು ಹತ್ತಿರ, ಎಷ್ಟು ದೂರವೆಂಬ ಅಂದಾಜು ಸಿಗುವುದಿಲ್ಲ. ಒಮ್ಮೆ ತನ್ನ ಎಡಗೈಯ ಹೆಬ್ಬೆರಳನ್ನೇ ಜಜ್ಜಿಕೊಂಡ. ಬೆರಳು ಕೂಡಿಕೊಂಡರೂ ಹಿಡಿತ ಬರಲಿಲ್ಲ. ಅಲ್ಲಿಂದೀಚೆಗೆ ಬೆಣೆ ಹಿಡಿಯುವುದು ಪೂವಮ್ಮನ ಪಾಲಿಗೆ ಬಂತು. ಅವಳು ಹಿಡಿಯಬೇಕು, ಅವನು ಎರಡು ಸಣ್ಣ ಪೆಟ್ಟು ಕೊಟ್ಟು ಬೆಣೆಯನ್ನು ಕಚ್ಚಿಸಬೇಕು, ಅವಳು ಕೈ ತೆಗೆದು “ಹೂಂ” ಎಂದ ಮೇಲೆ ದೊಡ್ಡ ಪೆಟ್ಟು. ಕ್ರಮವೇನೋ ಸರಿಯಾಗಿಯೇ ಇತ್ತು. ಅಪಾಯವಿದ್ದದ್ದು ಆ ಎರಡು ಸಣ್ಣ ಪೆಟ್ಟುಗಳಲ್ಲಿ.

ಅಂದು ಮೊದಲ ದಿಮ್ಮಿಗೇ ಅವಳ ಕೈ ಬೇಗನೆ ಸರಿಯಿತು. ಬೆಣೆ ಠಣ್ಣೆಂದು ನೆಲಕ್ಕೆ ಬಿತ್ತು.

“ಎಂತ ನಿನ್ನದು? ಕಚ್ಚುವ ಮೊದಲೇ ಬಿಡುದಾ?”

“ಕೈ ಬೆವರಿತು.”

ಜಾರದಿರಲೆಂದು ಚನಿಯಪ್ಪ ಬಿರುಕಿಗೆ ಒಂದು ಚಿಟಿಕೆ ಮರಳು ಹಾಕಿದ. ಮತ್ತೆ ಹಿಡಿಸಿದ. ಮತ್ತೆ ಬೆಣೆ ಬಿತ್ತು.

ಜಗಲಿಯಲ್ಲಿ ಕುಳಿತಿದ್ದ ಅಬ್ದುಲ್ಲ ನಕ್ಕರು. “ಪೂವಕ್ಕಾ, ಬೆಣೆ ಎಂತ ಹಾವಾ? ಕಚ್ಚುವುದು ಮರಕ್ಕೆ, ನಿಮಗಲ್ಲ.”

“ಬಂದು ನೀವೇ ಹಿಡೀರಿ ಅಬ್ದುಲ್ಲಾಕ. ಮದುವೆಯ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಊಟ ಬಡಿಸ್ಲಿಕ್ಕೆ ಚಂದ ಆಗ್ತದೆ” ಎಂದಳು ಪೂವಮ್ಮ. ಒಳಗಿನಿಂದ ಅಬ್ದುಲ್ಲರ ಹೆಂಡತಿ ಕದೀಜಮ್ಮ ನಗುವುದು ಕೇಳಿಸಿತು.

ಚನಿಯಪ್ಪ ನಗಲಿಲ್ಲ. ಇವಳಿಗೆ ಈಚೆಗೆ ಕೆಲಸದಲ್ಲಿ ಮನಸ್ಸಿಲ್ಲ, ಹೋದಲ್ಲೆಲ್ಲ ತನ್ನ ಮರ್ಯಾದೆ ಕಳೆಯುತ್ತಾಳೆ ಎಂದುಕೊಂಡ. “ಸರಿ ಹಿಡಿ. ಬೆಣೆ ಹಿಡೀಲಿಕ್ಕೆ ಎಂತ ಹೆದರಿಕೆ?” ಎಂದು ಗದರಿದ. ಅವಳು ಕುಕ್ಕುರುಗಾಲಿನಲ್ಲಿ ಕುಳಿತು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎರಡು ಬೆರಳುಗಳಿಂದ ಬೆಣೆಯನ್ನು ಬಿಗಿಯಾಗಿ ಹಿಡಿದಳು.

ಮೊದಲ ಸಣ್ಣ ಪೆಟ್ಟು ಸರಿಯಾಗಿ ಬಿತ್ತು. ಎರಡನೆಯದು ಬೆಣೆಯ ತಲೆಯನ್ನು ಸವರಿಕೊಂಡು ಆಚೆ ಇಳಿಯಿತು. ಚಟ್ಟೆಂಬ ಸದ್ದಾಯಿತು, ಅದು ಮರದ ಸದ್ದಾಗಿರಲಿಲ್ಲ.

ಅವಳ ಮಣಿಕಟ್ಟಿನ ಹಸಿರು ಗಾಜಿನ ಬಳೆಗಳಲ್ಲಿ ಒಂದು ಚೂರುಚೂರಾಗಿತ್ತು. ಚರ್ಮದ ಮೇಲೆ ಕೂದಲೆಳೆಯಂಥ ಕೆಂಪು ಗೀರು ಮೂಡಿತ್ತು. ಮದುವೆಗೆಂದು ವಾರ ಮೊದಲೇ ಬಂದ ನೆಂಟರ ಮಕ್ಕಳು ಬರಿಗಾಲಿನಲ್ಲಿ ಓಡಾಡುವ ಹಿತ್ತಿಲೆಂದು ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಅಬ್ದುಲ್ಲ ಎದ್ದು ಬಂದರು. “ಸಾಕು ಚನಿಯಪ್ಪಣ್ಣ. ದಮ್ಮಿಗೆ ತೆಂಗಿನ ಗೆರಟೆ ಉಂಟು, ಅದೇ ಆಗ್ತದೆ. ನನ್ನ ಮಗಳ ಮದುವೆಗೆ ಇವರ ಕೈ ಹೋಗುದು ಬೇಡ.”

“ಬಿಸಿಲು ಕಣ್ಣಿಗೆ ಹೊಡೆಯಿತು…” ಎಂದು ಚನಿಯಪ್ಪ ಆರಂಭಿಸಿದ.

“ಬಿಸಿಲು ನಿಮ್ಮ ಬೆನ್ನಿಗೆ ಉಂಟು” ಎಂದಳು ಪೂವಮ್ಮ. ಸ್ವರ ಏರಿರಲಿಲ್ಲ. “ಸುತ್ತಿಗೆ ಇಲ್ಲಿ ಕೊಡಿ.”

“ನೀನು ಹೊಡಿಯುದಾ?”

“ನನಗೆ ಎರಡು ಕಣ್ಣು ಉಂಟಲ್ಲ. ನೀವು ಬಲಗೈಯಲ್ಲಿ ಹಿಡೀರಿ.”

ಕೊಡದಿರಲು ಅವನಲ್ಲಿ ಕಾರಣವೊಂದೂ ಉಳಿದಿರಲಿಲ್ಲ. ದಿಮ್ಮಿಯ ಪಕ್ಕದಲ್ಲಿ, ಅದುವರೆಗೆ ಅವಳು ಕುಳಿತ ಜಾಗದಲ್ಲೇ ಕುಕ್ಕುರಿಸಿದ. ಅಲ್ಲಿಂದ ನೋಡಿದಾಗ ಸುತ್ತಿಗೆ ಬೇರೆಯೇ ವಸ್ತುವಾಗಿ ಕಂಡಿತು. ಕಪ್ಪಗೆ ಮೇಲೆದ್ದು ಒಂದು ಗಳಿಗೆ ನಿಂತಿತು. ಯಾವಾಗ ಇಳಿದೀತು, ಎಲ್ಲಿ ಇಳಿದೀತು ಎಂಬುದು ಎತ್ತಿದವರಿಗಷ್ಟೇ ಗೊತ್ತು. ಅದು ಇಳಿಯುವ ಮೊದಲೇ ಅವನ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಬೆಣೆ ಠಣ್ಣೆಂದು ಬಿತ್ತು.

ಅಬ್ದುಲ್ಲ ಈ ಸಲ ನಗಲಿಲ್ಲ. ಪೂವಮ್ಮ ಸುತ್ತಿಗೆಯನ್ನು ನೆಲಕ್ಕೂರಿ ಕಾದಳು. “ಎಂತ ಹೆದರಿಕೆ?” ಎಂದು ತಾನು ಆಡಿದ ಮಾತು ಅವಳ ಬಾಯಿಂದ ಹಿಂದಿರುಗಿ ಬರುವುದೆಂದು ಚನಿಯಪ್ಪನೂ ಕಾದ. ಅದು ಬರಲಿಲ್ಲ.

ಹೆಬ್ಬೆರಳು ಜಜ್ಜಿದಂದಿನಿಂದ ಊರೂರಿನ ಹಿತ್ತಿಲುಗಳಲ್ಲಿ ಅವಳು ಕುಳಿತದ್ದು ಇಲ್ಲಿಯೇ. ಕೈ ಬೆವರಿತು ಎಂದದ್ದು ಇದಕ್ಕೇ.

“ಎಷ್ಟು ಸಮಯದಿಂದ ಹೀಗೆ?” ಎಂದು ತಲೆಯೆತ್ತದೆ ಕೇಳಿದ.

“ಶುರುವಿನಿಂದ” ಎಂದಳು ಪೂವಮ್ಮ. “ಹಿಡಿಯಿರಿ ಈಗ.”

ಅವನು ಬಿದ್ದ ಬೆಣೆಯನ್ನು ಹೆಕ್ಕಿ, ಬಿರುಕಿಗೆ ಸೇರಿಸಿ ಹಿಡಿದ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಳಿದ ಒಂದು ಕಣ್ಣನ್ನೂ ಮುಚ್ಚಿಕೊಂಡ.