ಫ್ರಿಜ್ಜಿನ ಹಿಡಿಗೆ ಕಟ್ಟಿದ ಬಟ್ಟೆ

ಹಳೆಯ ಮನೆಗಳ ವೈರಿಂಗ್ ತಪಾಸಣೆ ಮಾಡುವುದು ನನ್ನ ಕೆಲಸ. ಇರುವುದು ಕೊಪ್ಪಳದಲ್ಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆ ಓಡಾಟ. ಸುಮ್ಮನೆ ಒಮ್ಮೆ ನೋಡಿ ಹೋಗಿ ಎಂದು ಯಾರೂ ಕರೆಯುವುದಿಲ್ಲ. ಸುಟ್ಟ ವಾಸನೆ ಬಂದ ಮೇಲೆ, ಇಲ್ಲವೇ ಎ.ಸಿ. ತಂದ ಮೇಲೆ ನನ್ನ ನೆನಪಾಗುತ್ತದೆ.

ಎರಡು ಮಳೆಗಾಲದ ಹಿಂದೆ ಅಳವಂಡಿಯಿಂದ ಕರೆ ಬಂದದ್ದೂ ಎ.ಸಿ.ಗಾಗಿಯೇ. ಕರೆದವರದು ಬೀಜ, ಗೊಬ್ಬರದ ಅಂಗಡಿ. ಅಪ್ಪ ಕಟ್ಟಿಸಿದ ಮನೆಯನ್ನು ಅಣ್ಣನೊಂದಿಗೆ ಪಾಲು ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿದ್ದರು. ಗೋಡೆ ಎದ್ದಂದಿನಿಂದ ಅಣ್ಣ-ತಮ್ಮ ಮಾತು ಬಿಟ್ಟಿದ್ದರು. ತಾಯಿ ಅಣ್ಣನ ಪಾಲಿನಲ್ಲಿದ್ದರು.

ನಾನು ಹೋದದ್ದು ಬೆಳಗಿನ ಹೊತ್ತು. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಫ್ರಿಜ್ಜಿನ ಹಿಡಿ. ಅದಕ್ಕೆ ಹಳೆಯ ಸೀರೆಯ ತುಂಡನ್ನು ದಪ್ಪಗೆ ಸುತ್ತಿ ಕಟ್ಟಿದ್ದರು. ಕೆಳಗೆ ನಿಲ್ಲಲು ಕಟ್ಟಿಗೆಯ ಮಣೆ.

"ಇದ್ಯಾಕ್ರಿ ಅಕ್ಕಾ?" ಎಂದೆ.

ಮನೆಯಾಕೆ ಸೊಪ್ಪು ಸೋಸುತ್ತಲೇ ಹೇಳಿದರು. "ಬರೇ ಕೈಲೆ ಮುಟ್ಟಿದ್ರ ಜುಮ್ ಅಂತೈತ್ರಿ. ಬಟ್ಟಿ ಕಟ್ಟಿದಮ್ಯಾಲ ಏನೂ ಆಗಂಗಿಲ್ಲ. ಹುಡುಗರಿಗೂ ಹೇಳೇನಿ, ಮಣಿ ಮ್ಯಾಲ ನಿಂತು ತಗೀರಿ ಅಂತ."

ಗಂಡ ನಕ್ಕರು. "ಆಕಿ ಭಾಳ ಅಂಜ್ತಾಳ್ರಿ. ನನಗ ಒಂದು ದಿನಾನೂ ಹೊಡದಿಲ್ಲ." ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

ಟೆಸ್ಟರ್ ಹಚ್ಚಿದೆ. ಫ್ರಿಜ್ಜಿನ ಮೈಯಲ್ಲಿ ಅದರ ದೀಪ ಉರಿಯಿತು. ಗ್ರೈಂಡರಿಗೆ ಹಚ್ಚಿದೆ, ಅಲ್ಲಿಯೂ ಉರಿಯಿತು. ಬಟ್ಟೆ ಒಗೆಯುವ ಯಂತ್ರದಲ್ಲಿಯೂ. ಬಚ್ಚಲಿನ ಗೀಸರಿನ ಸ್ವಿಚ್ಚು ತೆಗೆದೊಡನೆ ಎಲ್ಲ ಕಡೆಯೂ ಒಮ್ಮೆಲೇ ಆರಿತು. ಕೆಟ್ಟದ್ದು ಗೀಸರ್ ಒಂದೇ. ಅದರಲ್ಲಿ ಸೋರಿದ ಕರೆಂಟು ಅರ್ಥಿಂಗ್ ತಂತಿ ಹಿಡಿದು ನೆಲಕ್ಕೆ ಇಳಿಯಬೇಕಿತ್ತು. ಇಳಿಯಲು ದಾರಿಯಿಲ್ಲದೆ, ಅದೇ ತಂತಿಯಿಂದ ಮನೆಯ ಕಬ್ಬಿಣವನ್ನೆಲ್ಲ ಹತ್ತಿ ಕುಳಿತಿತ್ತು. ಮನೆಯ ಮೇನ್ ಸ್ವಿಚ್ಚು ತೆಗೆದೆ.

ಆ ತಂತಿಯ ಬೆನ್ನು ಹತ್ತಿ ಹೋದರೆ ಅದು ಹಿತ್ತಿಲ ನಡುಗೋಡೆಯೊಳಗೆ ಹೊಕ್ಕಿತ್ತು. ತಮ್ಮ ಅಲ್ಲಿಯೇ ನಿಂತರು. ನಾನೊಬ್ಬನೇ ಸುತ್ತು ಹಾಕಿ ಅಣ್ಣನ ಬಾಗಿಲು ಬಡಿದೆ.

ಅಣ್ಣ ಬೇಡವೆನ್ನಲಿಲ್ಲ. ಹಿತ್ತಿಲು ತೋರಿಸಿದರು. ಅಪ್ಪನ ಕಾಲದ ಅರ್ಥಿಂಗ್ ಗುಂಡಿಯನ್ನು ಅಗೆದು ಮುಚ್ಚಿ, ಮೇಲೆ ಹೊಸ ಬಚ್ಚಲು ಕಟ್ಟಿಸಿ ಗೀಸರ್ ಕೂರಿಸಿದ್ದರು. ಗೋಡೆಯಾಚೆಯಿಂದ ಬಂದ ತಂತಿ ಕಾಲಿಗೆ ತೊಡಕಾಗಬಾರದೆಂದು ಕೆಲಸದವರು ಅದರ ತುದಿಯನ್ನು ಬಟ್ಟೆ ಒಣಹಾಕುವ ಕಬ್ಬಿಣದ ಕಂಬಕ್ಕೆ ಸುತ್ತಿದ್ದರು. ಕಂಬದಿಂದ ಕಂಬಕ್ಕೆ ಬಿಗಿದ ತಂತಿಯ ಮೇಲೆ ಒದ್ದೆ ಸೀರೆ ತೂಗುತ್ತಿತ್ತು.

ಕೆಳಗೆ ಬರಿಗಾಲಲ್ಲಿ ತಾಯಿ ನಿಂತಿದ್ದರು. "ಈ ಬಟ್ಟಿ ಹಾಕೂ ತಂತಿ ಮುಟ್ಟಿದಾಗ ಏನರ ಆಕ್ಕೈತೇನಬೇ?" ಎಂದು ಕೇಳಿದೆ.

"ಕೈಯಾಗ ಇರುವಿ ಹರದಂಗ ಆಕ್ಕೈತೆಪಾ. ಮುಂಜಾನಿ ಅಷ್ಟ. ವಯಸ್ಸಾತು, ನರ ಸತ್ತಾವು ಅಂದ್ಕೊಂಡಿದ್ದೆ."

ತಮ್ಮನ ಮನೆಯಲ್ಲಿ ಗೀಸರ್ ಹಚ್ಚುತ್ತಿದ್ದದ್ದೂ ನಸುಕಿನಿಂದ ಬೆಳಗಿನ ಹೊತ್ತಷ್ಟೇ. ಅದನ್ನು ಹೇಳಿದೆ. ಅಣ್ಣ ಕಂಬದ ಬುಡದ ಕಡೆ ಕೈ ತೋರಿಸಿದರು.

"ಹೋದ ಶ್ರಾವಣದಾಗ ಇದಕ್ಕ ಆಕಳ ಕರು ಕಟ್ಟಿದ್ವಿ," ಎಂದರು. "ಸರಪಳಿಲೆ. ಮಳಿ ಬಂದಿತ್ತು. ಎದ್ದು ನೋಡೂದ್ರಾಗ ಸತ್ತು ಬಿದ್ದಿತ್ತು. ಹಾವು ಮುಟ್ಟೇತಿ ಅಂದ್ರು ಎಲ್ಲಾರೂ."

ಮೇನ್ ನಾನೇ ತೆಗೆದು ಬಂದಿದ್ದರೂ, ಕಂಬಕ್ಕೆ ಮತ್ತೊಮ್ಮೆ ಟೆಸ್ಟರ್ ಹಚ್ಚಿ ನೋಡಿಯೇ ಅದಕ್ಕೆ ಸುತ್ತಿದ್ದ ತಂತಿ ಬಿಚ್ಚಿದೆ.

ಆ ವಾರವೇ ತಮ್ಮನ ಹಿತ್ತಿಲಲ್ಲಿ ಹೊಸ ಗುಂಡಿ ತೋಡಿಸಿ, ಗೀಸರ್ ಬದಲಿಸಿ, ಕರೆಂಟು ಸೋರಿದರೆ ತಾನೇ ಬಿದ್ದು ಮನೆಯ ಕರೆಂಟು ಕಡಿಯುವ ಸ್ವಿಚ್ಚು ಕೂರಿಸಿದೆ. ತಿಂಗಳೆರಡು ಕಳೆದು ಅದೇ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿದೆ. ಆ ಸ್ವಿಚ್ಚನ್ನು ತಪ್ಪಿಸಿ ವೈರು ನೇರ ಜೋಡಿಸಿದ್ದರು.

"ಮಳಿ ಬಂದಾಗೊಮ್ಮೆ ಬೀಳ್ತಿತ್ರಿ," ಎಂದರು ತಮ್ಮ. "ಅಂಗಡಿಗೆ ಹೋಗೂ ಹೊತ್ತಿಗೆ ಭಾಳ ತ್ರಾಸ ಆಗ್ತಿತ್ತು."

"ಮಳಿಗೆ ಬೀಳಾಕತ್ತೈತಿ ಅಂದ್ರ ಇನ್ನೊಂದು ಕಡೆ ಸೋರಾಕತ್ತೈತಿ ಅಂತ ಅರ್ಥರಿ. ಅದು ಬೀಳಬೇಕು."

ಹುಡುಕಿದರೆ, ಮಾಳಿಗೆಯ ಮೇಲಿನ ದೀಪದ ವೈರಿನ ಗಂಟು ನೀರಲ್ಲಿ ಮುಳುಗಿತ್ತು. ಅದರ ಪಕ್ಕದಲ್ಲೇ ಮೆಣಸಿನಕಾಯಿ ಒಣಗಿಸಿದ ಗುರುತು, ಬರಿಗಾಲಿನ ಹೆಜ್ಜೆಗಳು. ಗಂಟು ತೆಗೆದು ಹೊಸ ವೈರು ಎಳೆದೆ, ಸ್ವಿಚ್ಚನ್ನು ಮತ್ತೆ ಜೋಡಿಸಿದೆ. ಈ ಸಲ ಅದು ಬೀಳುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಬಟನ್ನನ್ನು ಮನೆಯಾಕೆಗೆ ತೋರಿಸಿದೆ. ಆಕೆ ನನ್ನೆದುರೇ ಎರಡು ಸಲ ಒತ್ತಿ ನೋಡಿದರು. "ಅಮಾಸಿಗೊಮ್ಮೆ ಒತ್ತತೀನ್ರಿ, ಮರೆಯಂಗಿಲ್ಲ," ಎಂದರು.

ಅಣ್ಣನಿಗೂ ಹೇಳಿದೆ: ಹಳೆಯ ಅರ್ಥಿಂಗ್ ಗುಂಡಿ ಮುಚ್ಚಿದ ಮೇಲೆ ನಿಮ್ಮ ಮನೆಗೂ ಅರ್ಥಿಂಗ್ ಇಲ್ಲ, ಒಮ್ಮೆ ಬೋರ್ಡು ತೆಗೆದು ನೋಡುತ್ತೇನೆ ಎಂದು.

"ನಮ್ಮ ಕಡೆ ಏನೂ ಇಲ್ರಿ. ಹಬ್ಬ ಮುಗೀಲಿ, ನೋಡೂಣು," ಎಂದರು.

ತಾಯಿ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು. "ಖರೇ ಹೇಳಪಾ, ಈ ಬಚ್ಚಲದಾಗೂ ಅದ ಐತೇನು?"

"ನೋಡದ ಹೆಂಗ ಹೇಳ್ಲೆಬೇ. ಇಲ್ಲ ಅಂತ ಹೇಳಾಕ ಧೈರ್ಯ ಇಲ್ಲ ನನಗ."

ಆ ಮನೆಯ ಬೋರ್ಡು ತೆಗೆಯಲು ನನ್ನನ್ನು ಇವತ್ತಿನವರೆಗೆ ಕರೆದಿಲ್ಲ. ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದರು: ತಾಯಿ ಈಗ ದಿನಾ ಮುಂಜಾನೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸ್ನಾನಕ್ಕೆ ಇವರ ಮನೆಗೆ ಬರುತ್ತಾರಂತೆ. ಅಣ್ಣ, ಆತನ ಹೆಂಡತಿ, ಮಕ್ಕಳು ಆ ಹೊಸ ಬಚ್ಚಲಿನಲ್ಲೇ ಮೀಯುತ್ತಿದ್ದಾರೆ.